ಡೇಟಾದಿಂದ ಕಲಿಯುವ ಮೊದಲ ಮಷೀನ್ ಲರ್ನಿಂಗ್ ಮಾಡೆಲ್‌ಗೆ ಸೈಕಿಟ್-ಲರ್ನ್ ಹಿಡಿಯಬೇಕೋ, ಪೈಟಾರ್ಚ್ ಹಿಡಿಯಬೇಕೋ?

ಎರಡೂ ಪೈಥಾನ್ ಭಾಷೆಯ ಉಚಿತ ಲೈಬ್ರರಿಗಳು, ಖರ್ಚು ಬರುವುದು ಕಂಪ್ಯೂಟರಿಗೆ. ಸೈಕಿಟ್-ಲರ್ನ್ ಕಲಿಯಲು ಹಳೆಯ ಲ್ಯಾಪ್‌ಟಾಪ್ ಸಾಕು. ಪೈಟಾರ್ಚ್‌ನಲ್ಲೂ 28×28 ಪಿಕ್ಸೆಲ್ ಅಳತೆಯ ಎಂನಿಸ್ಟ್ (ಕೈಬರಹದ ಅಂಕಿಗಳ ಅಭ್ಯಾಸ ಸಂಗ್ರಹ) ಚಿತ್ರಗಳ ತರಬೇತಿ ಸಿಪಿಯುನಲ್ಲೇ, ಅಂದರೆ ಸಾಮಾನ್ಯ ಪ್ರೊಸೆಸರಿನಲ್ಲೇ, ಓಡುತ್ತದೆ. ದೊಡ್ಡ ಚಿತ್ರಗಳಿಗೆ ಜಿಪಿಯು (ಗ್ರಾಫಿಕ್ಸ್ ಪ್ರೊಸೆಸರ್) ಬೇಕು.

ನಿಜವಾದ ವ್ಯತ್ಯಾಸ ಕಲಿಕೆಯಲ್ಲಿ. ಸೈಕಿಟ್-ಲರ್ನ್‌ನಲ್ಲಿ ಫಿಟ್ (ಡೇಟಾದಿಂದ ಕಲಿ), ಪ್ರೆಡಿಕ್ಟ್ (ಊಹಿಸು) ಎಂದರೆ ಮಾಡೆಲ್ ಸಿದ್ಧ. ಈ ಸಲೀಸುತನದಲ್ಲೇ ತಪ್ಪು ನುಸುಳುತ್ತದೆ: ಡೇಟಾವನ್ನು ತರಬೇತಿಗೆ, ಪರೀಕ್ಷೆಗೆ ಎಂದು ಭಾಗ ಮಾಡುವ ಮೊದಲೇ ಸ್ಕೇಲ್ ಮಾಡಿದರೆ (ಸಂಖ್ಯೆಗಳನ್ನು ಒಂದೇ ಅಳತೆಗೆ ತಂದರೆ) ಪರೀಕ್ಷಾ ಭಾಗದ ಸರಾಸರಿ ತರಬೇತಿಗೆ ಸೋರುತ್ತದೆ, ಫಲಿತಾಂಶವನ್ನು ನಂಬುವಂತಿಲ್ಲ. ಸ್ಕೇಲ್ ಮಾಡುವ ಸ್ಕೇಲರನ್ನು ಪೈಪ್‌ಲೈನ್ (ಹಂತಗಳನ್ನು ಸಾಲಾಗಿ ಜೋಡಿಸುವ ಸಾಧನ) ಒಳಗೇ ಇಡಿ.

ಪೈಟಾರ್ಚ್‌ನಲ್ಲಿ ತರಬೇತಿಯ ಲೂಪ್ ನೀವೇ ಬರೆಯಬೇಕು. ಗ್ರೇಡಿಯೆಂಟ್‌ಗಳನ್ನು (ಮಾಡೆಲ್ ಎತ್ತ ಬದಲಾಗಬೇಕೆಂಬ ಲೆಕ್ಕ) ಸೊನ್ನೆ ಮಾಡುವ ಝೀರೋ ಗ್ರ್ಯಾಡ್ ಮರೆತರೆ ಹಿಂದಿನವು ಕೂಡುತ್ತಾ ಹೋಗಿ ಲಾಸ್ (ಮಾಡೆಲ್ ಮಾಡುವ ತಪ್ಪಿನ ಅಳತೆ) ಅಡ್ಡಾದಿಡ್ಡಿ ಕುಣಿಯುತ್ತದೆ. ಕಷ್ಟವೇ, ಆದರೆ ತೂಕಗಳು (ಮಾಡೆಲ್ ಕಲಿಯುವ ಸಂಖ್ಯೆಗಳು) ಹೇಗೆ ಬದಲಾಗುತ್ತವೆ ಎಂಬುದು ಕಣ್ಣಿಗೆ ಕಾಣುತ್ತದೆ.

ಮನೆಬೆಲೆ, ಬೆಳೆ ಇಳುವರಿಯಂಥ ಕೋಷ್ಟಕದ ಡೇಟಾ ಇದ್ದರೆ ಸೈಕಿಟ್-ಲರ್ನ್. ಚಿತ್ರ, ಧ್ವನಿ, ಕನ್ನಡ ಪಠ್ಯವೇ ಗುರಿಯಾದರೆ ಪೈಟಾರ್ಚ್. ಅದಕ್ಕೂ ಮೊದಲು ಪೈಥಾನ್ ಕೋಡಿನಲ್ಲಿ ಕ್ಲಾಸ್ (class) ಬರೆಯುವುದು ಗೊತ್ತಿರಲಿ.