ಏಳು ದಿನ ದೋಣಿಯೇ ಮನೆ: ಫ್ರಾನ್ಸಿನ ಕಾಲುವೆಯಲ್ಲಿ ಬಾಡಿಗೆ ದೋಣಿ ಹೇಗಿತ್ತು?

ಮೊದಲೇ ಹೇಳಿಬಿಡುತ್ತೇನೆ, ಇದು ಕ್ರೂಸ್ ಅಲ್ಲ. ಯಾರೋ ಅಡುಗೆ ಮಾಡಿ ಬಡಿಸುತ್ತಾರೆ, ನಾವು ಕುರ್ಚಿ ಹಾಕಿಕೊಂಡು ಫೋಟೋ ತೆಗೆಯುವುದು ಅಂದುಕೊಂಡು ಹೋದರೆ ಮೊದಲ ದಿನವೇ ಮನೆಯವರ ಜೊತೆ ಜಗಳ. ದೋಣಿ ನಡೆಸುವುದು ನೀವೇ, ಹಗ್ಗ ಹಿಡಿಯುವುದು ನೀವೇ, ಸಂಜೆ ದಂಡೆಗೆ ಗೂಟ ಬಡಿದು ಎಮ್ಮೆ ಕಟ್ಟಿದ ಹಾಗೆ ದೋಣಿ ಕಟ್ಟುವುದೂ ನೀವೇ.

ನನ್ನದು ಹುಬ್ಬಳ್ಳಿ ಗೋಕುಲ ರೋಡಿನಲ್ಲಿ ಪಂಪು-ಮೋಟರ್ ರಿಪೇರಿ ಅಂಗಡಿ. ಅಕ್ಕ, ಮಾಮಾ ತುಲೂಸ್‌ನಲ್ಲಿದ್ದಾರೆ, ಮಾಮಾನದು ವಿಮಾನದ ಕೆಲಸ. ಕಳೆದ ಜೂನ್‌ನಲ್ಲಿ ನಾನು, ನನ್ನ ಹೆಂಡತಿ, ಅವರಿಬ್ಬರು, ಒಟ್ಟು ನಾಲ್ಕು ಜನ ಒಂದು ವಾರಕ್ಕೆ ದೋಣಿ ಬಾಡಿಗೆ ಹಿಡಿದೆವು. ಕನಾಲ್ ದು ಮಿದಿ ಎಂಬ ಕಾಲುವೆ, ಕಾಸ್ಟೆಲ್‌ನೊದಾರಿ ಊರಿನಿಂದ ಬೆಜಿಯೆ ಹತ್ತಿರದ ಕೊಲೊಂಬಿಯೆವರೆಗೆ, ಸುಮಾರು 135 ಕಿಲೋಮೀಟರ್. ನಾಲ್ವರಲ್ಲಿ ಒಬ್ಬರಿಗೂ ಈಜು ಬರುವುದಿಲ್ಲ. ಉಣಕಲ್ ಕೆರೆಯಲ್ಲಿ ಪೆಡಲ್ ತುಳಿದಿದ್ದೇ ನಮ್ಮ ಅನುಭವ.

ಲೈಸೆನ್ಸ್ ಬೇಡವಾ? ಬಾಡಿಗೆ ದೋಣಿಗೆ ಬೇಡ. ಹೊರಡುವ ಮುಂಚೆ ಕಂಪನಿಯವರು ಪಾಠ ಹೇಳಿ ಒಂದು ತಾತ್ಕಾಲಿಕ ಕಾರ್ಡು ಕೊಡುತ್ತಾರೆ. ನಮಗೆ ಹೇಳಿದ ಪಾಠ ಇಪ್ಪತ್ತೇ ನಿಮಿಷ. ಅದರಲ್ಲಿ ಐದು ನಿಮಿಷ ಟಿವಿ ಹಚ್ಚುವುದು ಹೇಗೆ ಅಂತ. ಹಿಂದಕ್ಕೆ ಹಾಕಿದಾಗ ದೋಣಿ ನಾವು ಅಂದುಕೊಂಡ ಕಡೆ ತಿರುಗುವುದಿಲ್ಲ ಅನ್ನುವುದನ್ನು ಮಾತ್ರ ಹೇಳಲಿಲ್ಲ. ಅದನ್ನು ನಾವು ಪಕ್ಕದ ದೋಣಿಗೆ ಗುದ್ದಿ ಕಲಿತೆವು. ಸುತ್ತ ರಬ್ಬರ್ ಗುಂಡುಗಳಿರುತ್ತವೆ, ಏನೂ ಆಗಲಿಲ್ಲ, ಆ ದೋಣಿಯವರು ಕಾಫಿ ಕಪ್ಪು ಎತ್ತಿ ನಕ್ಕರು. ವೇಗದ ಮಿತಿ ಗಂಟೆಗೆ 8 ಕಿಲೋಮೀಟರ್. ದಂಡೆ ಮೇಲೆ ಸೈಕಲ್ ಹೊಡೆಯುವ ಅಜ್ಜಂದಿರು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದರು.

ಈಗ ಲಾಕ್ ವಿಷಯ. ನಮ್ಮ ಕಡೆ ಕಾಲುವೆ ಅಂದರೆ ಇಳಿಜಾರು ನೋಡಿಕೊಂಡು ನೀರು ಹೊಲಕ್ಕೆ ಹರಿಯಬೇಕು, ಅಷ್ಟೇ ಅಲ್ವಾ? ಅಲ್ಲಿ ನೀರು ಹೆಚ್ಚು ಕಡಿಮೆ ನಿಂತೇ ಇರುತ್ತದೆ, ಮೆಟ್ಟಿಲು ಮೆಟ್ಟಿಲಾಗಿ. ಮೆಟ್ಟಿಲಿಗೊಂದು ಕಲ್ಲಿನ ತೊಟ್ಟಿ, ಹಿಂದೆ ಮುಂದೆ ಬಾಗಿಲು, ಅದೇ ಲಾಕ್. ತುಂಬಿದ ತೊಟ್ಟಿಯೊಳಗೆ ದೋಣಿ ನುಗ್ಗಿಸಬೇಕು, ಹಿಂದಿನ ಬಾಗಿಲು ಮುಚ್ಚುತ್ತಾರೆ, ಮುಂದಿನ ಬಾಗಿಲಿನ ತೂಬು ಎತ್ತುತ್ತಾರೆ, ನೀರು ಕೆಳಗಿನ ಕಾಲುವೆಗೆ ಇಳಿಯುತ್ತದೆ, ಅದರ ಜೊತೆ ನೀವೂ ಬಾವಿಗೆ ಇಳಿದ ಹಾಗೆ ಎರಡು ಮೂರು ಮೀಟರ್ ಕೆಳಗೆ. ಇದೆಲ್ಲ ಆಗುವಾಗ ಹಗ್ಗವನ್ನು ದಂಡೆಯ ಗೂಟಕ್ಕೆ ಒಂದು ಸುತ್ತು ಹಾಕಿ ಕೈಯಲ್ಲಿ ಹಿಡಿದು ಸಡಿಲು ಬಿಡುತ್ತಾ ಇರಬೇಕು. ಗಂಟು ಹಾಕಿದರೆ ಮುಗೀತು, ನೀರು ಕೆಳಗೆ, ದೋಣಿ ಗೋಡೆಗೆ ಜೋತು.

ಕಾಸ್ಟೆಲ್‌ನೊದಾರಿಯಿಂದ ಹೊರಟ ತಕ್ಷಣ ಎದುರಾಗುವುದೇ ಸಾಂ ರೋಕ್, ಒಂದರ ಕೆಳಗೊಂದು ನಾಲ್ಕು ತೊಟ್ಟಿ. ಡ್ರೈವಿಂಗ್ ಕಲಿಯಲು ಬಂದವನನ್ನು ನೇರ ಚೆನ್ನಮ್ಮ ಸರ್ಕಲ್‌ಗೆ ಬಿಟ್ಟ ಹಾಗೆ. ಮಾಮಾ ಸ್ಟಿಯರಿಂಗ್ ಹಿಡಿದು "ತಮ್ಮಾ, ಹಗ್ಗ ಬಿಡು, ಬಿಡೋ, ಏ ಪೂರ್ತಿ ಬಿಡಬ್ಯಾಡೋ" ಅಂತ ಕೂಗುತ್ತಿದ್ದರು, ಮೇಲೆ ನಿಂತ ಪ್ರವಾಸಿಗರು ವಿಡಿಯೋ ಮಾಡುತ್ತಿದ್ದರು. ಮೂರನೇ ದಿನದ ಹೊತ್ತಿಗೆ ಕೈ ಪಳಗಿತು. ಲಾಕ್ ದಾಟಲು ದುಡ್ಡಿಲ್ಲ. ಆದರೆ ಮಧ್ಯಾಹ್ನ 12:30ಕ್ಕೆ ಲಾಕ್ ನೋಡಿಕೊಳ್ಳುವವರು ಊಟಕ್ಕೆ ಹೋದರೆ ಒಂದು ತಾಸು ಎಲ್ಲ ಬಂದ್, ನೀವು ಯಾರೇ ಆಗಿರಿ. ಇನ್ನೊಂದು ವಿಷಯ, ಈ ತೊಟ್ಟಿಗಳು ಚೌಕ ಅಲ್ಲ, ಬದನೆಕಾಯಿಯ ಹಾಗೆ ಹೊಟ್ಟೆ ಉಬ್ಬಿವೆ. ಶುರುವಿನಲ್ಲಿ ನೇರ ಗೋಡೆ ಕಟ್ಟಿದಾಗ ಮಣ್ಣಿನ ಒತ್ತಡಕ್ಕೆ ಕುಸಿಯಿತಂತೆ, ಆಮೇಲೆ ಗೋಡೆ ಬಾಗಿಸಿ ಕಟ್ಟಿದರು.

ಈ ಕಾಲುವೆ ಕಟ್ಟಿಸಿದವನು ಪಿಯರ್ ಪೋಲ್ ರಿಕೆ, ಇಂಜಿನಿಯರ್ ಅಲ್ಲ, ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದವನು. ಕಾಲುವೆ ತೋಡುವುದಕ್ಕಿಂತ ಅದರ ನೆತ್ತಿಗೆ ನೀರು ತರುವುದು ದೊಡ್ಡ ತಲೆನೋವು. ಅದಕ್ಕೆ ಕಪ್ಪು ಬೆಟ್ಟ ಎಂಬ ಗುಡ್ಡಸಾಲಿನ ಹಳ್ಳಗಳನ್ನೆಲ್ಲ ಹಿಡಿದು, ಸಾಂ ಫೆರಿಯೋಲ್‌ನಲ್ಲಿ ಅಣೆಕಟ್ಟು ಕಟ್ಟಿ, ಸಣ್ಣ ಕಾಲುವೆಯಲ್ಲಿ 189 ಮೀಟರ್ ಎತ್ತರದ ನೊರೂಜ್‌ಗೆ ನೀರು ತಂದ. ಅಲ್ಲಿಂದ ಅದು ಎರಡು ದಿಕ್ಕಿಗೂ ಇಳಿಯುತ್ತದೆ. ಆ ಜಲಾಶಯದಲ್ಲಿ ಹಿಡಿಯುವುದು ಸುಮಾರು 63 ಲಕ್ಷ ಘನ ಮೀಟರ್, ನಮ್ಮ ಲೆಕ್ಕದಲ್ಲಿ ಕಾಲು ಟಿಎಂಸಿಯೂ ಇಲ್ಲ. ನಮ್ಮ ಮಲಪ್ರಭಾದ ನವಿಲುತೀರ್ಥ ಅಣೆಕಟ್ಟಿನದು 37 ಟಿಎಂಸಿಗೂ ಜಾಸ್ತಿ! ಸ್ವಂತ ದುಡ್ಡೂ ಸುರಿದ ಪುಣ್ಯಾತ್ಮ 1680ರಲ್ಲಿ ತೀರಿಕೊಂಡ, ಕಾಲುವೆ ತೆರೆದದ್ದು 1681ರಲ್ಲಿ. ಅವ್ವನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆವು. ಆಕೆಯ ತವರು ನವಲಗುಂದದ ಕಡೆ, ಮಲಪ್ರಭಾ ಕಾಲುವೆ ನೀರಿಗೆ ಕಾದು ಕೂತ ಮಂದಿ. "ಇಷ್ಟು ನೀರು ಬರೇ ದೋಣಿ ಆಡಸಾಕ ಇಟ್ಟಾರೇನು? ಹೊಲಕ್ಕ ಬಿಡೂದಿಲ್ಲ?" ಅಂದಳು. ಹೊಲಕ್ಕೂ ಬಿಡುತ್ತಾರೆ ಅಂದ ಮೇಲೆಯೇ ಸಮಾಧಾನ.

ದೋಣಿಯೊಳಗಿನ ನೀರಿನ ಕಥೆ ಬೇರೆ. ಸುತ್ತ ನೀರೇ ನೀರು, ಆದರೆ ಕುಡಿಯಲು, ತೊಳೆಯಲು, ಸ್ನಾನಕ್ಕೆ ಇರುವುದು ಒಂದೇ ಟ್ಯಾಂಕು, 600 ಲೀಟರ್. ಪಕ್ಕದ ದೋಣಿಯವರು ದಿನಾ ಬಂದರಿನಲ್ಲಿ ಪೈಪು ಹಿಡಿದು ನಿಲ್ಲುತ್ತಿದ್ದರು. ನಮ್ಮದು ಮೂರು ದಿನ ಬಂತು. ನಮ್ಮ ಓಣಿಗೆ ವಾರಕ್ಕೊಮ್ಮೆ ನಳ ಬರುತ್ತದೆ ಸ್ವಾಮಿ, ನನ್ನ ಹೆಂಡತಿಗೆ ಎಷ್ಟು ಕೊಡ ನೀರು ಅನ್ನುವ ಲೆಕ್ಕ ಯಾರೂ ಕಲಿಸಬೇಕಾಗಿಲ್ಲ. ತರಕಾರಿ ತೊಳೆದ ನೀರಲ್ಲಿ ಮೊದಲು ಪಾತ್ರೆ ನೆನೆ ಹಾಕುವುದು, ಸ್ನಾನಕ್ಕೆ ಷವರ್ ಬಿಟ್ಟು ಡಬ್ಬಿ ಹಿಡಿಯುವುದು. ಹದಿನೈದು ವರ್ಷ ಫ್ರಾನ್ಸಿನಲ್ಲಿದ್ದ ಅಕ್ಕ ಇದನ್ನೆಲ್ಲ ಮರೆತಿದ್ದಳು, ಮೊದಲ ದಿನ ಹತ್ತು ನಿಮಿಷ ಷವರ್ ಬಿಟ್ಟು ಬೈಸಿಕೊಂಡಳು.

ಎರಡನೇ ರಾತ್ರಿ ನಳ ಎಲ್ಲಾ ಬಂದ್ ಇದ್ದರೂ ನೀರಿನ ಪಂಪು ಹತ್ತು ನಿಮಿಷಕ್ಕೊಮ್ಮೆ ಗುರ್ ಅನ್ನುತ್ತಿತ್ತು. ಇಂಥ ಪಂಪು ಪೈಪಿನಲ್ಲಿ ಒತ್ತಡ ಇಳಿದಾಗ ತಾನೇ ಶುರುವಾಗುತ್ತದೆ. ಅಂದರೆ ಎಲ್ಲೋ ಸೋರುತ್ತಿದೆ. ಸಹಾಯದ ನಂಬರಿಗೆ ಫೋನ್ ಮಾಡಿದರೆ ಬೆಳಿಗ್ಗೆ ಬರುತ್ತೇವೆ ಅಂದರು. ಅಲ್ಲಿಯವರೆಗೆ ಟ್ಯಾಂಕು ಖಾಲಿ ಆಗುತ್ತಿತ್ತು. ನೆಲದ ಹಲಗೆ ಎತ್ತಿ ನೋಡಿದರೆ ಒಂದು ಕ್ಲಿಪ್ಪು ಸಡಿಲ. ಅಡುಗೆಮನೆ ಚಾಕುವಿನಲ್ಲಿ ತಿರುಗಿಸಿ ಬಿಗಿ ಮಾಡಿದೆ, ಮಲಗಿದೆವು. ಬೆಳಿಗ್ಗೆ ಬಂದ ಮೆಕ್ಯಾನಿಕ್ ನೋಡಿ ಭುಜ ತಟ್ಟಿ ಹೋದ.

ದುಡ್ಡು: ಬಾಡಿಗೆ 1,850 ಯೂರೋ, ಡೀಸೆಲ್ ಎಂಜಿನ್ ಓಡಿದ ತಾಸಿನ ಲೆಕ್ಕದಲ್ಲಿ 390, ಎರಡು ಸೈಕಲ್, ಕೊನೆಗೆ ಸ್ವಚ್ಛ ಮಾಡುವ ಚಾರ್ಜು ಬೇರೆ. ಯೂರೋಗೆ ನೂರು ರೂಪಾಯಿ ಹಿಡಿದರೆ ತಲೆಗೆ ಅರವತ್ತು ಸಾವಿರ ಚಿಲ್ಲರೆ. ಏಳು ರಾತ್ರಿ ವಸತಿ ಅದರಲ್ಲೇ ಬಂತು, ದಂಡೆಯಲ್ಲಿ ಗೂಟ ಬಡಿದು ನಿಂತರೆ ಬಾಡಿಗೆ ಇಲ್ಲ, ಬಂದರಿನಲ್ಲಿ ನಿಂತರೆ ಮಾತ್ರ. ನಾನು ಸಿಟ್ಟಾದದ್ದು ಕೊನೆಯ ದಿನ. ದೋಣಿಯ ಹಿಂಬದಿಯ ಹಳೇ ಗೀರು ತೋರಿಸಿ ಠೇವಣಿಯಲ್ಲಿ 150 ಯೂರೋ ಮುರಿದರು. ನಾವು ಗುದ್ದಿದ್ದು ಮುಂಬದಿ! ಆದರೆ ಸಾಕ್ಷಿ ಇಲ್ಲ. ಕೈಗೆ ಕೀಲಿ ಬಂದ ಕೂಡಲೇ ಸುತ್ತಲೂ ವಿಡಿಯೋ ಮಾಡಿಟ್ಟುಕೊಳ್ಳಿ. ಟಾಯ್ಲೆಟ್ಟಿನ ಟ್ಯಾಂಕು ಖಾಲಿ ಮಾಡಲು ದಾರಿಯಲ್ಲಿ ಎಷ್ಟು ಕಡೆ ವ್ಯವಸ್ಥೆ ಇದೆ ಅಂತಲೂ ಮೊದಲೇ ಕೇಳಿ, ನಮಗೆ ಸಿಕ್ಕದ್ದು ಕಡಿಮೆ. ಹೆಚ್ಚು ಬರೆಯುವುದಿಲ್ಲ, ಊಟದ ಹೊತ್ತು ಇರಬಹುದು.

ನೆರಳಿನ ಬಗ್ಗೆಯೂ ಗೊತ್ತಿರಲಿ. ಜಾಹೀರಾತಿನ ಫೋಟೋದಲ್ಲಿ ಎರಡೂ ದಂಡೆಗೆ ಪ್ಲೇನ್ ಎಂಬ ಜಾತಿಯ ದೊಡ್ಡ ಮರಗಳು ಚಪ್ಪರ ಹಾಕಿರುತ್ತವೆ. ಇಡೀ ಕಾಲುವೆಗೆ ಅಂಥವು 42,000 ಇದ್ದವು. 2006ರಲ್ಲಿ ಒಂದು ಶಿಲೀಂಧ್ರ ರೋಗ ಕಾಣಿಸಿಕೊಂಡಿತು, ಬೇರಿನಿಂದ ಬೇರಿಗೆ, ನೀರಿನ ಮೂಲಕವೂ ಹಬ್ಬುತ್ತದೆ, ಮದ್ದಿಲ್ಲ, ಕಡಿದು ಸುಡುವುದೊಂದೇ ದಾರಿ. ಟ್ರೆಬ್ ಊರಿನ ಸುತ್ತಮುತ್ತ ಬೋಳು ದಂಡೆ, ಸಾಲಾಗಿ ನೆಟ್ಟ ಎಳೇ ಸಸಿಗಳು. ಹುಬ್ಬಳ್ಳಿ-ಧಾರವಾಡ ರಸ್ತೆಯ ಹಳೇ ಮರ ಹೋದಾಗಿನ ಹಾಗೆ ಹೊಟ್ಟೆ ಚುರುಕ್ ಅಂತು. ಹಗ್ಗವನ್ನು ಮರಕ್ಕೆ ಕಟ್ಟುವಂತಿಲ್ಲ, ಅದಕ್ಕೇ ಗೂಟ. ಟೊಪ್ಪಿಗೆ ಮರೆಯಬೇಡಿ.

ಆರ್ಜಾನ್ಸ್ ಊರಿನ ಲಾಕ್ ದಾಟಿದ ಮೇಲೆ 54 ಕಿಲೋಮೀಟರ್ ಒಂದೂ ಲಾಕ್ ಇಲ್ಲ. ನಿಜವಾದ ಸುಖ ಅಲ್ಲಿಂದ ಶುರು. ಗುಡ್ಡದ ಮಗ್ಗುಲಲ್ಲಿ ಕಾಲುವೆ ಹಾವಿನ ಹಾಗೆ ಸುತ್ತುತ್ತದೆ, ಕೆಳಗೆ ದ್ರಾಕ್ಷಿ ತೋಟ, ರಾತ್ರಿ ಒಂಬತ್ತೂವರೆಗೂ ಬೆಳಕು. ಲ ಸೊಮಾಯ್ ಊರಿನ ಗೂನು ಬೆನ್ನಿನ ಕಲ್ಲು ಸೇತುವೆ ಹತ್ತಿರ ದೋಣಿ ಕಟ್ಟಿ ಅದರ ಮೇಲೆ ಕೂತು ಊಟ ಮಾಡಿದೆವು: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಲ್ಲೇ ಸಂತೆಯಲ್ಲಿ ಸಿಕ್ಕ ಬದನೆಕಾಯಿಯ ಎಣ್ಣೆಗಾಯಿ. ಹಾಲಿನ ಪದಾರ್ಥ ಹೊರಗಿನಿಂದ ಒಯ್ಯುವಂತಿಲ್ಲ ಅಂತ ತುಪ್ಪ ಮನೆಯಲ್ಲೇ ಬಿಟ್ಟಿದ್ದೆವು, ಅಲ್ಲಿನ ಬೆಣ್ಣೆ ಕಾಯಿಸಿಕೊಂಡೆವು. ಸಸ್ಯಾಹಾರಿಗಳು ಹೋಟೆಲ್ ನಂಬಿ ಹೋಗಬೇಡಿ, ಕಾಸ್ಟೆಲ್‌ನೊದಾರಿಯ ಹೆಸರಾಂತ ಕಾಸುಲೆ ಕಾಳಿನ ಪಲ್ಯದ ಹಾಗೆ ಕಂಡರೂ ತುಂಬ ಮಾಂಸ. ದೋಣಿಯ ಗ್ಯಾಸ್ ಒಲೆ ಮಾತ್ರ ಚೆನ್ನಾಗಿತ್ತು.

ಕೊನೆಗೆ ಮಾಲ್ಪಾ ಸುರಂಗ, 165 ಮೀಟರ್, 1679ರಲ್ಲಿ ಕೊರೆದದ್ದು. ಹಾರ್ನ್ ಹೊಡೆದು ಒಳಗೆ ಹೋಗಬೇಕು, ಎದುರಿಗೆ ಬಂದರೆ ದಾರಿ ಇಲ್ಲ. ಅದರ ಕೆಳಗೆ ರೈಲಿನ ಸುರಂಗ ಬೇರೆ ಇದೆ. ಕೊಲೊಂಬಿಯೆಯಲ್ಲಿ ದೋಣಿ ಒಪ್ಪಿಸಿ ಫೋನ್‌ಸೆರಾನ್ ನೋಡಲು ಸೈಕಲ್ ಮೇಲೆ ಹೋದೆವು. ಎಂಟು ತೊಟ್ಟಿ ಸಾಲಾಗಿ 21.5 ಮೀಟರ್ ಇಳಿಯುತ್ತವೆ. ಈ ಸಲ ಮೇಲೆ ನಿಂತು ಬೇರೆಯವರ ವಿಡಿಯೋ ಮಾಡಿದ್ದು ನಾವು.

ದಾರಿಯ ಓಂಪ್ಸ್ ಊರಿನಲ್ಲಿ ನಿವೃತ್ತ ದಂಪತಿ ಸಿಕ್ಕಿದ್ದರು, ಸ್ವಂತ ದೋಣಿ, ವರ್ಷದ ಹೆಚ್ಚು ಕಾಲ ಅದರಲ್ಲೇ ವಾಸ. ಮಾಮಾಗೆ ಆಸೆ ಹುಟ್ಟಿತು. ಸ್ವಂತ ದೋಣಿಗೆ ಪರೀಕ್ಷೆ ಬರೆದು ಪಡೆದ ಲೈಸೆನ್ಸ್ ಬೇಕು, ಕಾಲುವೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಗೆ ದೋಣಿಯ ಉದ್ದದ ಲೆಕ್ಕದಲ್ಲಿ ಶುಲ್ಕ ಕಟ್ಟಬೇಕು, ಚಳಿಗಾಲದಲ್ಲಿ ದುರಸ್ತಿಗೆ ಕಾಲುವೆ ಮುಚ್ಚಿದಾಗ ನಿಲ್ಲಲು ಜಾಗ ಹುಡುಕಬೇಕು. ನಮ್ಮಂಥ ಪ್ರವಾಸಿ ವೀಸಾದವರಿಗಂತೂ 180 ದಿನದಲ್ಲಿ 90 ದಿನಕ್ಕಿಂತ ಜಾಸ್ತಿ ಇರಲು ಬಿಡುವುದಿಲ್ಲ. ಅಕ್ಕ ಎಲ್ಲ ಕೇಳಿಸಿಕೊಂಡು "ಮೊದಲ ಮನಿ ಸಾಲ ತೀರಸ್ರಿ" ಅಂದಳು.

ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಆ ಗೀರಿಗೆ ಕಟ್. ಮತ್ತೆ ಹೋದರೆ ಸೆಪ್ಟೆಂಬರ್‌ನಲ್ಲಿ, ಬೇರೆ ಕಂಪನಿಯಿಂದ, ಲಾಕ್ ಇಲ್ಲದ ಆ 54 ಕಿಲೋಮೀಟರ್‌ನಲ್ಲೇ ಆ ಕಡೆ ಈ ಕಡೆ ನಾಲ್ಕು ದಿನ. ಸ್ಕ್ರೂಡ್ರೈವರ್ ಮಾತ್ರ ಮನೆಯಿಂದಲೇ ಒಯ್ಯುತ್ತೇನೆ, ವಿಮಾನದಲ್ಲಿ ಕೈಚೀಲಕ್ಕೆ ಹಾಕದೆ ದೊಡ್ಡ ಬ್ಯಾಗಿನಲ್ಲಿ.