ಸಾಂಬಾ ಜತೆ ನಾಲ್ಕು ವರ್ಷ: ಬೈದದ್ದು ಅದನ್ನು, ತಪ್ಪು ಬೀರುವಿನದು

ಸಾಗರದಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೋ. ಮದುವೆ, ಉಪನಯನ, ಗೃಹಪ್ರವೇಶಗಳ ಫೋಟೋ ತೆಗೆದು ಆಲ್ಬಮ್ ಮಾಡಿಕೊಡುವುದು ಕಸುಬು. ಆಲ್ಬಮ್ ಜೋಡಿಸುವ ಹುಡುಗನದು ವಿಂಡೋಸ್, ಬಣ್ಣ ತಿದ್ದುವ ನನ್ನದು ಮ್ಯಾಕ್. ಎರಡರ ನಡುವೆ ಪೆನ್ ಡ್ರೈವ್ ಹಿಡಿದು ಓಡಾಡಿ ಸಾಕಾಗಿ, ನಾಲ್ಕು ವರ್ಷದ ಹಿಂದೆ ಮೂಲೆ ಸೇರಿದ್ದ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿ, ಎರಡು ಹಾರ್ಡ್ ಡಿಸ್ಕ್ ಜೋಡಿಸಿ, ಸಾಂಬಾ ತಂತ್ರಾಂಶ ಕೂರಿಸಿದೆ. ಅದೇ ನಮ್ಮ ಸರ್ವರ್. ಮೂರು ಬಗೆಯ ಯಂತ್ರಗಳು ಒಂದೇ ಫೋಲ್ಡರ್ ಹಂಚಿಕೊಳ್ಳುವಂತೆ ಮಾಡುವ ಉಚಿತ ತಂತ್ರಾಂಶ ಇದು. ನಾನು ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಹೋದ ವರ್ಷ ಕೇಳಿದ್ದರೆ ಒಂದನ್ನೂ ಕೊಡುತ್ತಿರಲಿಲ್ಲ.

ಹೆಸರಿನ ಬಗ್ಗೆ ಒಂದು ಮಾತು. ನಮ್ಮ ಸಾಂಬಾರಿಗೂ ಇದಕ್ಕೂ ಸಂಬಂಧವಿಲ್ಲ. ಕ್ಯಾನ್‌ಬೆರಾದಲ್ಲಿ ಆಂಡ್ರ್ಯೂ ಟ್ರಿಜೆಲ್ ಎಂಬ ವಿದ್ಯಾರ್ಥಿ 1991ರ ಕೊನೆಯಲ್ಲಿ ಇದನ್ನು ಬರೆಯಲು ತೊಡಗಿದರು. ಮೊದಲಿಟ್ಟ ಹೆಸರಿಗೆ ಬೇರೆಯವರ ತಕರಾರು ಬಂದಾಗ, ವಿಂಡೋಸ್ ಯಂತ್ರಗಳು ಫೈಲ್ ಹಂಚಿಕೊಳ್ಳುವ ಎಸ್ಎಂಬಿ ಎಂಬ ವಿಧಾನದ ಎಸ್, ಎಂ, ಬಿ ಅಕ್ಷರಗಳು ಅದೇ ಕ್ರಮದಲ್ಲಿ ಬರುವ ಪದಗಳನ್ನು ನಿಘಂಟಿನಿಂದ ಕಂಪ್ಯೂಟರಿನಲ್ಲೇ ಹೆಕ್ಕಿಸಿದರು. ಸಿಕ್ಕ ಪದಗಳಲ್ಲಿ ಸಾಂಬಾ ಹಿಡಿಸಿತು.

ಮೊದಲ ಎರಡೂವರೆ ವರ್ಷ ಅದು ಮನೆಯ ಹಿರಿಯರಂತೆ ಸದ್ದಿಲ್ಲದೆ ಮೂಲೆಯಲ್ಲಿತ್ತು. 64 ಜಿಬಿ ಕಾರ್ಡಿನ ತುಂಬ ಇದ್ದ ಮದುವೆ ಫೋಟೋಗಳು ಹತ್ತು ನಿಮಿಷದಲ್ಲಿ ಸರ್ವರ್ ಸೇರುತ್ತಿದ್ದವು. ತುಳಸಿ ಪೂಜೆ ಕಳೆದು ಮದುವೆಗಳು ಶುರುವಾದಾಗ ಅದೇ ಕೆಲಸಕ್ಕೆ ಒಂದೂವರೆ ಗಂಟೆ ಹಿಡಿಯತೊಡಗಿತು. "ಅಣ್ಣ, ಊಟ ಮುಗಿಸಿ ಬಂದರೂ ಅರ್ಧ ಆಗಿರುವುದಿಲ್ಲ" ಎಂದು ಹುಡುಗ ಗೊಣಗುತ್ತಿದ್ದ. ಒಂದು ಸಲ ಗಿರಾಕಿಯನ್ನು ಎದುರಿಗೆ ಕೂರಿಸಿಕೊಂಡು ಪರದೆಯ ಮೇಲೆ ತೆವಳುವ ಹಸಿರು ಪಟ್ಟಿಯನ್ನೇ ಇಬ್ಬರೂ ನೋಡುತ್ತಿದ್ದೆವು. ಎರಡು ಲೋಟ ಕಾಫಿ ಖಾಲಿಯಾಯಿತು, ಪಟ್ಟಿ ಅಲ್ಲೇ ಇತ್ತು.

ಆ ಹಂಗಾಮಿನಲ್ಲಿ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಎಲ್ಲೋ ಓದಿದ ಸಲಹೆಯನ್ನು ನಂಬಿ ಸಾಂಬಾದ ಸೆಟ್ಟಿಂಗ್ ಕಡತಕ್ಕೆ ‘ಸಾಕೆಟ್ ಆಪ್ಷನ್ಸ್’ ಎಂಬ ಸಾಲು ಸೇರಿಸಿ ಬಫರ್, ಅಂದರೆ ಸಾಗುವ ಮಾಹಿತಿ ತಂಗುವ ತಾತ್ಕಾಲಿಕ ಜಾಗದ ಅಳತೆಯನ್ನು 8192 ಬೈಟ್ ಎಂದು ಬರೆದೆ. ಇಪ್ಪತ್ತು ವರ್ಷದ ಹಿಂದಿನ ಲಿನಕ್ಸಿಗೆ ಅದು ಮದ್ದಾಗಿತ್ತೇನೋ. ಈಗಿನ ಲಿನಕ್ಸ್ ಈ ಬಫರನ್ನು ತಾನೇ ಹಿಗ್ಗಿಸಿ ಕುಗ್ಗಿಸಿಕೊಳ್ಳುತ್ತದೆ. ನಾವು ಒಂದು ಸಂಖ್ಯೆ ಬರೆದ ಕೂಡಲೇ ಆ ಹೊಂದಾಣಿಕೆ ನಿಂತುಹೋಗುತ್ತದೆ. ಇದನ್ನು ಸಾಂಬಾದ ಕೈಪಿಡಿಯಲ್ಲೇ ಬರೆದಿದ್ದಾರೆ. ಕೈಪಿಡಿ ಓದುವ ತಾಳ್ಮೆ ನನಗಿರಲಿಲ್ಲ.

ಆಷಾಢ ಬಂತು. ಮದುವೆಗಳಿಲ್ಲ, ಹೊರಗೆ ಕಾಲಿಡಲಾಗದ ಮಳೆ. ಆಗ ಕೂತು ಅಳೆಯತೊಡಗಿದೆ. ಮೊದಲು ಸರ್ವರಿನೊಳಗೇ ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ನಕಲು ಮಾಡಿದೆ. ಸರಾಗವಾಗಿ ಹೋಯಿತು, ಅಂದರೆ ಡಿಸ್ಕ್ ಗಟ್ಟಿಯಾಗಿದೆ. ಬಳಿಕ ಸಾಂಬಾವನ್ನೇ ಬದಿಗಿಟ್ಟು, ಜಾಲದ ವೇಗ ಮಾತ್ರ ಅಳೆಯುವ ಐಪರ್ಫ್3 ಓಡಿಸಿದೆ. ಪರದೆಯ ಮೇಲೆ ಸೆಕೆಂಡಿಗೆ 94 ಮೆಗಾಬಿಟ್ ಬಂತು. ಮತ್ತೆ ಓಡಿಸಿದರೂ 94. ಇರಬೇಕಾದದ್ದು 940ರ ಆಸುಪಾಸು.

ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ 94 ಮೆಗಾಬಿಟ್ ಎಂದರೆ ಫೈಲ್ ನಕಲಿನಲ್ಲಿ ಸುಮಾರು 11 ಎಂಬಿ. ಈ ಸಂಖ್ಯೆ ನೆನಪಿರಲಿ. ಫೈಲ್ ನಕಲು ಸೆಕೆಂಡಿಗೆ 11 ಎಂಬಿಗೆ ಬಂದು ಅಲ್ಲಾಡದೆ ನಿಂತರೆ, ಕಂಪ್ಯೂಟರ್ ಗಿಗಾಬಿಟ್ (ಸಾವಿರ ಮೆಗಾಬಿಟ್) ವೇಗ ಬಿಟ್ಟು ನೂರು ಮೆಗಾಬಿಟ್‌ಗೆ ಇಳಿದಿದೆ ಎಂದೇ ಬಹುಮಟ್ಟಿಗೆ ಅರ್ಥ. ಗಿಗಾಬಿಟ್‌ಗೆ ಕೇಬಲಿನ ನಾಲ್ಕು ಜೋಡಿ ತಂತಿಗಳೂ ಬೇಕು, ನೂರಕ್ಕೆ ಎರಡೇ ಜೋಡಿ ಸಾಕು. ಒಂದು ಜೋಡಿ ಕೆಟ್ಟರೆ ಸಂಪರ್ಕ ಕಡಿಯಬೇಕೆಂದೇನಿಲ್ಲ. ಹಲವು ಸ್ವಿಚ್‌ಗಳು (ಕೇಬಲ್ಗಳು ಬಂದು ಸೇರುವ ಜಾಲದ ಪೆಟ್ಟಿಗೆಗಳು) ವೇಗ ಇಳಿಸಿಕೊಂಡು, ಏನೂ ಆಗಿಲ್ಲವೆಂಬಂತೆ ದೀಪ ಮಿನುಗಿಸುತ್ತವೆ.

ಸರ್ವರಿನ ಕೇಬಲನ್ನು ಕೈಯಲ್ಲಿ ಸವರುತ್ತ ಗೋಡೆಗುಂಟ ಹೋದೆ. ಅದು ಕಬ್ಬಿಣದ ಬೀರುವಿನ ಹಿಂದಿನ ಕಾಲಿನ ಕೆಳಗೆ ಹೋಗಿ ನಿಂತಿತು. ಆಯುಧಪೂಜೆಗೆ ಸುಣ್ಣಬಣ್ಣ ಮಾಡಿಸುವಾಗ ಬೀರು ಸರಿಸಿದ್ದೆವು, ವಾಪಸ್ ಇಡುವಾಗ ಕೆಳಗೆ ನೋಡಿದವರಿಲ್ಲ. ಎತ್ತಿ ನೋಡಿದರೆ ಕೇಬಲ್ ಹಪ್ಪಳದಂತೆ ಚಪ್ಪಟೆಯಾಗಿ, ನೀಲಿ ಜೋಡಿಯ ತಾಮ್ರ ಹೊರಗೆ ಇಣುಕುತ್ತಿತ್ತು. ಹೊಸ ಕೇಬಲ್ ಎಳೆದು ಗೋಡೆಗೆ ಕ್ಲಿಪ್ ಹೊಡೆದೆ. ಐಪರ್ಫ್3 ಮತ್ತೆ ಓಡಿಸಿದೆ: 941. ಸಾಕೆಟ್ ಸಾಲನ್ನೂ ಅಳಿಸಿದ ಮೇಲೆ ನಕಲು ಮತ್ತೆ 110 ಎಂಬಿ ಮುಟ್ಟಿತು.

ಮ್ಯಾಕಿನಲ್ಲಿ ಮಾತ್ರ ಇನ್ನೊಂದು ತೊಡಕು ಉಳಿಯಿತು. ನಾಲ್ಕು ಸಾವಿರ ಚಿತ್ರಗಳ ಫೋಲ್ಡರ್ ತೆರೆದರೆ ಪಟ್ಟಿ ಮೂಡಲು ನಿಮಿಷವೇ ಆಗುತ್ತಿತ್ತು. ಸಾಂಬಾದಲ್ಲಿ ಮ್ಯಾಕಿಗೆಂದೇ ‘ಫ್ರೂಟ್’ ಎಂಬ ಮಾಡ್ಯೂಲ್ (ಹೆಚ್ಚುವರಿ ಭಾಗ) ಇದೆ, ಹಣ್ಣು ಯಾವುದೆಂದು ಹೇಳಬೇಕಿಲ್ಲ. ಅದನ್ನು ಸೇರಿಸಿದೆ. ಜಾಲದ ಫೋಲ್ಡರ್‌ಗಳಲ್ಲಿ ಡಿಎಸ್ ಸ್ಟೋರ್ ಎಂಬ ಅಡಗು ಫೈಲ್ ಬರೆಯದಂತೆ ಮ್ಯಾಕಿಗೂ ಹೇಳಿದೆ. ಈಗ ನಾಲ್ಕೈದು ಸೆಕೆಂಡಿನ ಮಾತು.

ವಿಂಡೋಸ್ 11ರ ಪ್ರೊ ಆವೃತ್ತಿಯನ್ನು 24ಎಚ್2 ಎಂಬ 2024ರ ಪರಿಷ್ಕರಣೆಗೆ ಏರಿಸಿದ ದಿನ ಫೋಲ್ಡರ್ ತೆರೆಯಲೇ ಇಲ್ಲ. ಪಾಸ್‌ವರ್ಡ್ ಇಲ್ಲದೆ ಯಾರು ಬೇಕಾದರೂ ತೆರೆಯಲಿ ಎಂದು ಬಿಟ್ಟಿದ್ದು ನನ್ನ ಸೋಮಾರಿತನ. ಹೊಸ ಆವೃತ್ತಿ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಕೇಳುತ್ತದೆ, ಪಾಸ್ವರ್ಡ್ ಇಲ್ಲದ ಅತಿಥಿ ಖಾತೆಯಿಂದ ಆ ಸಹಿ ಆಗದು. ಹುಡುಗನ ಹೆಸರಲ್ಲಿ ಖಾತೆ ತೆರೆದೆ, ಸರಿಹೋಯಿತು. ಇಂಥ ಹೊತ್ತಿನಲ್ಲಿ ಹಳೆಯ ಎಸ್‌ಎಂಬಿ1 (ಅದೇ ಹಂಚಿಕೆ ವಿಧಾನದ ಮೊದಲ ಆವೃತ್ತಿ) ತೆರೆಯಿರಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಫೈಲ್ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಎಂಬ ಕುತಂತ್ರಾಂಶದ 2017ರ ಹಾವಳಿ ಹಬ್ಬಿದ್ದು ಆ ಬಾಗಿಲಿನಿಂದಲೇ, 2019ರ 4.11ನೇ ಆವೃತ್ತಿಯಿಂದ ಸಾಂಬಾ ಅದನ್ನು ಮುಚ್ಚಿಯೇ ಬರುತ್ತದೆ. ಮುಚ್ಚಿದ್ದು ಮುಚ್ಚಿಯೇ ಇರಲಿ.

ಕಳೆದ ಒಂದು ನಕ್ಷತ್ರ ಸಣ್ಣ ಫೈಲ್‌ಗಳ ಲೆಕ್ಕಕ್ಕೆ. ಬಣ್ಣ ತಿದ್ದುವ ತಂತ್ರಾಂಶ ಹುಟ್ಟುಹಾಕುವ ಸಾವಿರಾರು ಪುಟ್ಟ ಮುನ್ನೋಟದ ಫೈಲ್‌ಗಳನ್ನು ಸಾಗಿಸುವಾಗ ವೇಗ ಇಂದಿಗೂ ನೆಲಕಚ್ಚುತ್ತದೆ. ಒಂದೊಂದನ್ನೂ ತೆರೆಯಬೇಕು, ಅನುಮತಿ ಕೇಳಬೇಕು, ಬರೆಯಬೇಕು, ಮುಚ್ಚಬೇಕು. ಮೂಟೆ ಅಕ್ಕಿಯನ್ನು ಪಾವು ಪಾವಾಗಿ ಅಳೆದು, ಪಾವಿಗೊಂದು ರಸೀದಿ ಬರೆಸಿ ತಂದಂತೆ. ಕೇಬಲ್ ಬದಲಿಸಿದರೂ ಇದು ಬದಲಾಗಲಿಲ್ಲ. ಹಾಗಾಗಿ ಆ ಫೈಲ್‌ಗಳನ್ನು ಮ್ಯಾಕಿನಲ್ಲೇ ಉಳಿಸಿಕೊಂಡು, ಕೆಲಸ ಮುಗಿದ ಮೇಲೆ ಜಿಪ್ ಮಾಡಿ ಒಂದೇ ಮೂಟೆಯಾಗಿ ಸರ್ವರಿಗೆ ಕಳಿಸುತ್ತಿದ್ದೇನೆ.