ಎಳೆದರೆ ಕಾಲುವೆ, ಬಿಟ್ಟರೆ ಅಂಗಡಿ ಬೀದಿ: ಊರ ಚರಿತ್ರೆಯ ಜಾಲತಾಣಗಳು, ನಾಲ್ಕು ವರ್ಷದ ಬಳಕೆಯ ನಂತರ

ಇಂಗ್ಲೆಂಡಿನ ವಿಲ್ಟ್‌ಶೈರ್ ಕೌಂಟಿಯ ಸ್ವಿಂಡನ್‌ನಲ್ಲಿ ಬಾಡಿಗೆ ಮನೆ ಹಿಡಿದ ಮೇಲೆ ಊರಿನ ಚರಿತ್ರೆ ಕೆದಕುವ ಗೀಳು ಹತ್ತಿತು. ಹೆಸರೇ ಕಾರಣ. 1086ರಲ್ಲಿ ರಾಜ ಮಾಡಿಸಿದ ಭೂಮಿ-ಆಸ್ತಿಯ ಲೆಕ್ಕ, ಡೂಮ್ಸ್‌ಡೇ ದಾಖಲೆಯಲ್ಲೇ ಇರುವ ಊರು, ಅರ್ಥ ಹಂದಿಗುಡ್ಡ. ನಮ್ಮ ಕಡೆಯಾಗಿದ್ದರೆ ಎಂದೋ ಬದಲಾಯಿಸಿಬಿಡುತ್ತಿದ್ದರು.

ಹುಮ್ಮಸ್ಸಿನಲ್ಲಿ ಹಳೆಯ ಪತ್ರಿಕೆಗಳ ಜಾಲತಾಣವೊಂದಕ್ಕೆ ವರ್ಷದ ಚಂದಾ ಕಟ್ಟಿದೆ. ಯಾವುದೆಂದು ಹೇಳುವುದಿಲ್ಲ. ಮಾಸಿದ ಅಚ್ಚನ್ನು ಯಂತ್ರ ಓದುವಾಗ 'ಸಿ' ಅಕ್ಷರ 'ಇ' ಆಗುತ್ತದೆ. 'ಕೆನಾಲ್' ಎಂದು ಹುಡುಕಿದರೆ ಕಾಲುವೆಯ ಸುದ್ದಿ ಅಡಗಿ ಕುಳಿತು, ಮುಲಾಮಿನ ಜಾಹೀರಾತು ಎದುರಿಗೆ ಬರುತ್ತದೆ. ಹೇಳದೆ ಕೇಳದೆ ಎರಡನೆಯ ವರ್ಷದ ಹಣವೂ ಕಾರ್ಡಿನಿಂದ ಹೋಯಿತು.

ಮನಸ್ಸು ಗೆದ್ದದ್ದು ಪುಕ್ಕಟೆಯದು. ಇಂಗ್ಲೆಂಡಿನ ಊರುಗಳ ಹಳೆಯ ಆರ್ಡ್ನೆನ್ಸ್ ಸರ್ವೇ (ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ) ನಕ್ಷೆಗಳನ್ನು ಜಾಲದಲ್ಲಿ ತೆರೆದಿಟ್ಟಿರುವುದು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ! ಭಾನುವಾರ ಬೆಳಿಗ್ಗೆ ಫಿಲ್ಟರ್ ಕಾಫಿ ಇಳಿಯುವಷ್ಟರಲ್ಲಿ ಮೈಲಿಗೆ ಆರು ಅಂಗುಲದ ನಕ್ಷೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಹೊದಿಸುತ್ತೇನೆ. ಪಕ್ಕದ ಪಟ್ಟಿಯನ್ನು ಮೆಲ್ಲಗೆ ಎಳೆದರೆ ಹಳೆಯದು ಮಸುಕಾಗಿ ಹೊಸದು ಏಳುತ್ತದೆ. ಕೆನಾಲ್ ವಾಕ್ ಎಂಬ ಅಂಗಡಿ ಬೀದಿಯಲ್ಲಿ ತಿಂಗಳುಗಟ್ಟಲೆ ನಡೆದಿದ್ದೆ, ಕಾಲುವೆ ಎಲ್ಲಿ ಎಂದು ತಿಳಿದಿರಲಿಲ್ಲ. ಪಟ್ಟಿ ಎಳೆದೆ: ಚಪ್ಪಲಿ ಅಂಗಡಿಯ ಕೆಳಗೇ ಜೋಡಿ ಗೆರೆ! 1810ರಲ್ಲಿ ಪೂರ್ಣಗೊಂಡ ವಿಲ್ಟ್ಸ್ ಅಂಡ್ ಬರ್ಕ್ಸ್ ಕಾಲುವೆ. ರೈಲು ಬಂದು ಅದರ ಅನ್ನ ಕಿತ್ತುಕೊಂಡಿತು. 1914ರ ಕಾಯ್ದೆ ಅಧಿಕೃತವಾಗಿ ಮುಚ್ಚಿತು. ಆ ಕಾಫಿ ಆರಿ ತಣ್ಣಗಾಯಿತು.

ಓದುವುದಕ್ಕೆ ವಿಕ್ಟೋರಿಯಾ ಕೌಂಟಿ ಹಿಸ್ಟರಿ ಇದೆ, ಇಂಗ್ಲೆಂಡಿನ ಕೌಂಟಿಗಳ ಚರಿತ್ರೆಯ ಸಂಪುಟಮಾಲೆ. 1899ರಲ್ಲಿ ಶುರುವಾದ ಕೆಲಸ ಇನ್ನೂ ಮುಗಿದಿಲ್ಲ. ಹಲವು ಸಂಪುಟಗಳು ಜಾಲದಲ್ಲೇ ಸಿಗುತ್ತವೆ, ಸ್ವಿಂಡನ್ ಇರುವುದು ವಿಲ್ಟ್‌ಶೈರಿನ ಒಂಬತ್ತನೆಯದರಲ್ಲಿ. ನಮ್ಮ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ತಾಲ್ಲೂಕುವಾರು ಶಾಸನ ಹುಡುಕಿದವರಿಗೆ ಇದು ಕೈಗೆ ಬೇಗ ಹತ್ತುತ್ತದೆ. 'ಹಂಡ್ರೆಡ್' ಎಂಬ ವಿಭಾಗ ಕಂಡಾಗ ಹೋಬಳಿ ಎಂದುಕೊಳ್ಳಿ, ಸಾಕು. ಗದ್ಯ ಮಾತ್ರ ಒಣ ರಾಗಿ ರೊಟ್ಟಿ.

ಪತ್ರಿಕೆ ತಾಣವನ್ನು ಬೈದದ್ದು ಸ್ವಲ್ಪ ಹೆಚ್ಚಾಯಿತೇನೋ. ಬೇಕೆಂದೇ ಕಾಗುಣಿತ ತಪ್ಪಿಸಿ, 'ಇ' ಹಾಕಿ ಹುಡುಕಿದರೆ ಕಾಲುವೆ ಕಂಪನಿಯ ಪ್ರಕಟಣೆಗಳು ಸಾಲುಸಾಲಾಗಿ ಬರುತ್ತವೆ. ಈಗ ನಕ್ಷೆ ನೋಡಿ ಬೇಕಾದ ವರ್ಷಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ವರ್ಷಗಳ ಆ ಪಟ್ಟಿ ಒಂದು ಪುಟ ತುಂಬಿದ ಮೇಲೆ ಪತ್ರಿಕೆ ತಾಣಕ್ಕೆ ಒಂದೇ ತಿಂಗಳ ಚಂದಾ, ಕಟ್ಟಿದ ದಿನವೇ ಮುಂದಿನದಕ್ಕೆ ರದ್ದು.